ಹೃದಯದ ಓಟವನ್ನು ಗೆರೆಯಾಗಿಸಿದ ಐಂಥೋವೆನ್

ಮಕ್ಕಳೇ, ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಪಾವಗಡದ ಕೋಟೆಯನ್ನೋ ಹತ್ತುವಾಗ ನಿಮ್ಮ ಎದೆ ಡವಡವ ಎನ್ನುತ್ತದೆ ಅಲ್ಲವೇ? ಸುಮ್ಮನೆ ಕುಳಿತಾಗ ನಿಮಿಷಕ್ಕೆ 80ರ ಆಸುಪಾಸಿನಲ್ಲಿರುವ ಬಡಿತ ಆಗ 150 ದಾಟಬಹುದು. ದಣಿವಾರಿಸಿಕೊಂಡರೆ ಮೆಲ್ಲಗೆ ಇಳಿಯುತ್ತದೆ. ಇದು ರೋಗವಲ್ಲ. ಆದರೆ ಕೆಲವರಿಗೆ ಕುಳಿತಲ್ಲೇ ಹೃದಯ ಇದ್ದಕ್ಕಿದ್ದಂತೆ ಹೀಗೆ ಓಡತೊಡಗುತ್ತದೆ. ತಲೆ ಸುತ್ತುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ನಾಡಿ ಹಿಡಿದು ಬಡಿತ ಎಣಿಸಬಹುದು. ತೊಂದರೆ ಹೃದಯದ ಯಾವ ಭಾಗದಲ್ಲಿ ಹುಟ್ಟಿತೆಂದು ತಿಳಿಯುವುದು ಹೇಗೆ? ಅದಕ್ಕೆ ದಾರಿ ಮಾಡಿದವರು ವಿಲೆಮ್ ಐಂಥೋವೆನ್.

ಅವರು ಹುಟ್ಟಿದ್ದು 1860ರ ಮೇ 21ರಂದು, ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ. ವೈದ್ಯರಾಗಿದ್ದ ತಂದೆ ಬೇಗ ತೀರಿಕೊಂಡರು. 1870ರಲ್ಲಿ ತಾಯಿ ಆರು ಮಕ್ಕಳೊಂದಿಗೆ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ವಿಲೆಮ್ ವೈದ್ಯಶಾಸ್ತ್ರ ಓದಿ, 25ನೇ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಪ್ರತಿ ಬಡಿತಕ್ಕೂ ಮುನ್ನ ಹೃದಯದಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. 1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಅದನ್ನು ಮನುಷ್ಯನ ಮೈಮೇಲಿನಿಂದಲೇ ದಾಖಲಿಸಿದ್ದರು. ಆದರೆ ಅವರ ಉಪಕರಣದ ಪಾದರಸ ನಿಧಾನವಾಗಿ ಚಲಿಸುತ್ತಿದ್ದುದರಿಂದ ವೇಗದ ಏರಿಳಿತಗಳು ಸರಿಯಾಗಿ ಮೂಡುತ್ತಿರಲಿಲ್ಲ. ಐಂಥೋವೆನ್ ಪಾದರಸವನ್ನೇ ಬಿಟ್ಟರು. ನಮ್ಮ ಹೊಲಗಳಲ್ಲೂ ಸಿಗುತ್ತದಲ್ಲ, ಆ ಬೆಣಚುಕಲ್ಲು! ಅದನ್ನು ಕರಗಿಸಿ, ಕೂದಲಿಗಿಂತ ತೆಳುವಾದ ಎಳೆ ತೆಗೆದು, ಬೆಳ್ಳಿ ಲೇಪಿಸಿ, ಬಲವಾದ ವಿದ್ಯುತ್ಕಾಂತದ ನಡುವೆ ಕಟ್ಟಿದರು. ಹೃದಯದ ವಿದ್ಯುತ್ ಹರಿದಾಗ ಎಳೆ ಅಲುಗುತ್ತಿತ್ತು. ಅದರ ನೆರಳು ಚಲಿಸುವ ಛಾಯಾಚಿತ್ರ ಫಲಕದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಎಳೆ ಅಷ್ಟು ಹಗುರ, ಯಂತ್ರವೋ ಸುಮಾರು 270 ಕಿಲೋಗ್ರಾಂ! ನಡೆಸಲು ಐದು ಜನ ಬೇಕಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿಟ್ಟು ಕೂರಬೇಕಿತ್ತು. ಇಂಥ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳ ಹೃದಯದ ವಿದ್ಯುತ್ತನ್ನು ದೂರವಾಣಿ ತಂತಿಯಲ್ಲಿ ಪ್ರಯೋಗಾಲಯಕ್ಕೇ ತರಿಸಿಕೊಂಡರು.

ಗೆರೆಯ ಉಬ್ಬುತಗ್ಗುಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. ಪಿ ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಗುರುತು. ಕ್ಯೂ-ಆರ್-ಎಸ್ ಕೆಳಗಿನ ಹೃತ್ಕುಕ್ಷಿಗಳದು. ಬೆಟ್ಟ ಹತ್ತಿದವರ ಗೆರೆಯಲ್ಲಿ ಇವೆಲ್ಲ ಕ್ರಮವಾಗಿಯೇ ಇರುತ್ತವೆ, ಹತ್ತಿರ ಹತ್ತಿರ ಬರುತ್ತವೆ ಅಷ್ಟೆ. ಹೃತ್ಕರ್ಣಗಳು ಅಂಕೆ ತಪ್ಪಿ ನಡುಗುತ್ತಿದ್ದರೆ ಪಿ ಕಾಣುವುದಿಲ್ಲ, ಬಡಿತಗಳ ಅಂತರವೂ ಒಂದೇ ಸಮ ಇರುವುದಿಲ್ಲ. ಓಟ ಹೃತ್ಕುಕ್ಷಿಯಲ್ಲೇ ಹುಟ್ಟಿದ್ದರೆ ಕ್ಯೂ-ಆರ್-ಎಸ್ ಅಗಲವಾಗುತ್ತದೆ. ಇದು ಹೆಚ್ಚು ಅಪಾಯದ್ದು.

ಐಂಥೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1927ರಲ್ಲಿ ಅವರು ತೀರಿಕೊಂಡರು. ಈಗ ಶಿರಾ, ಕೊರಟಗೆರೆಯ ಆಸ್ಪತ್ರೆಗಳಲ್ಲಿ ತೆಗೆಯುವ ಇಸಿಜಿಯಲ್ಲೂ ಅವೇ ಐದು ಅಕ್ಷರಗಳಿವೆ. ಓಟ ನಿಂತ ಮೇಲೆ ಇಸಿಜಿ ತೆಗೆದರೆ ಗೆರೆ ಮಾಮೂಲಾಗಿಯೇ ಕಾಣಬಹುದು. ಆದ್ದರಿಂದ ಸುಮ್ಮನೆ ಕುಳಿತಾಗ ಎದೆ ಓಡತೊಡಗಿದರೆ, ಓಡುತ್ತಿರುವಾಗಲೇ ಹಿರಿಯರಿಗೆ ಹೇಳಿ.