ಡಾ. ಲೆಸ್ಲಿ ಕೋಲ್ಮನ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬೆದ್ದಲು ಬೇಸಾಯವು ಮುಗಿಲನ್ನೇ ನಂಬಿದುದು. ಹಿರಿಯೂರಿನ ಸೀಮೆಯಲ್ಲಿ ಎಷ್ಟೋ ವರ್ಷ ಮಳೆಯು 600 ಮಿಲಿಮೀಟರನ್ನು ಮುಟ್ಟುವುದಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಆ ಕ್ಷಾಮ ಮುಗಿದ 1878ರಲ್ಲಿಯೇ ದೂರದ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಜನಿಸಿದರು.

ಟೊರಾಂಟೊದಲ್ಲಿಯೂ ಜರ್ಮನಿಯ ಗಟಿಂಗನ್‌ನಲ್ಲಿಯೂ ವ್ಯಾಸಂಗ ಮಾಡಿದ ಅವರು 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಬಂದರು. ಅಡಕೆಯನ್ನು ಕಾಡುತ್ತಿದ್ದ ಕೊಳೆರೋಗದ ಮೂಲವನ್ನು ಪತ್ತೆಹಚ್ಚಿ, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದನ್ನು ಬಳಕೆಗೆ ತಂದರು. ಜೋಳವನ್ನು ಮೇಯುವ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಡಲಾಗಿದೆ. ಪೀಡೆಗೆ ತಮ್ಮ ಹೆಸರನ್ನು ಯಾರೂ ಬಯಸಲಾರರು. ವಿಜ್ಞಾನಿಗಳಲ್ಲಿ ಮಾತ್ರ ಅದು ಗೌರವವೇ.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್ನರು ಬಡವರ ಅನ್ನವಾದ ರಾಗಿಯ ಕಡೆಗೂ ಗಮನ ಹರಿಸಿದರು. ರಾಗಿಯು ಬರವನ್ನು ತಾಳುವ ಬಗೆ ವಿಸ್ಮಯಕರವಾದುದು. ನೆಲದ ತೇವ ಆರಿದಾಗ ಪೈರು ತನ್ನ ಎಲೆಗಳ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಎಲೆಗಳು ಸುರುಳಿಕೊಂಡು ಬಿಸಿಲಿಗೆ ಒಡ್ಡಿದ ಮೈಯನ್ನು ಕಿರಿದುಮಾಡುತ್ತವೆ. ಇದರಿಂದ ಆವಿಯಾಗುವ ನೀರು ಉಳಿಯುತ್ತದೆ. ಆದರೆ ಅವೇ ರಂಧ್ರಗಳ ಮೂಲಕ ಒಳಬರಬೇಕಾದ ಇಂಗಾಲದ ಡೈಆಕ್ಸೈಡು ಕಡಿಮೆಯಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಎಂದರೆ, ಪೈರು ಹಸಿವನ್ನು ಸಹಿಸಿ ಬಾಯಾರಿಕೆಯಿಂದ ಪಾರಾಗುತ್ತದೆ. ಹದಮಳೆ ಬಿದ್ದೊಡನೆ ಮತ್ತೆ ತೆಂಡೆಯೊಡೆದು ಚೇತರಿಸಿಕೊಳ್ಳುತ್ತದೆ. ತೆನೆ ಹೊರಡುವ ಕಾಲದಲ್ಲಿ ಮಳೆ ಕೈಕೊಟ್ಟರೆ ಮಾತ್ರ ಕಾಳು ಜೊಳ್ಳಾಗುವುದು. ಆ ನಷ್ಟವನ್ನು ಅನಂತರದ ಮಳೆ ತುಂಬಿಕೊಡಲಾರದು.

ಆದುದರಿಂದ ರಾಗಿಯಲ್ಲಿ ತಳಿಯ ಆಯ್ಕೆ ಅತ್ಯಂತ ಮುಖ್ಯವಾದುದು. ರೈತರ ಹೊಲಗಳಲ್ಲಿ ಬೆರೆತು ಬೆಳೆಯುತ್ತಿದ್ದ ರಾಗಿಗಳಿಂದ ಒಳ್ಳೆಯ ಗಿಡಗಳನ್ನು ಆರಿಸಿ, ಒಂದೊಂದರ ಬೀಜವನ್ನೂ ಬೇರೆಯಾಗಿ ಬಿತ್ತಿ, ವರ್ಷವರ್ಷವೂ ಹೋಲಿಸಿ ನೋಡುವ ಕಾರ್ಯವು ಅವರ ಮಾರ್ಗದರ್ಶನದಲ್ಲಿ ನಡೆಯಿತು. ಇದು ಅವಸರದ ಕೆಲಸವಲ್ಲ. 1918ರಲ್ಲಿ ಹೆಚ್ 22 ಎಂಬ ತಳಿಯು ರೈತರ ಕೈಸೇರಿತು. ಹೆಬ್ಬಾಳದಲ್ಲಿ ಅವರ ಕಾಲದಲ್ಲಿ ಆರಂಭವಾದ ಕೃಷಿ ಶಾಲೆಯು ಮುಂದೆ ಕಾಲೇಜಾಗಿ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಯಿತು. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ ಇಂದಿಗೂ ಕೃಷಿ ಸಂಶೋಧನೆ ನಡೆಯುತ್ತಿದೆ.

ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. 1954ರ ಸೆಪ್ಟೆಂಬರ್ ತಿಂಗಳಿನಲ್ಲಿ ನಿಧನರಾದರು.