ಉಕ್ಕಿನ ಕಿರೀಟದ ದೊರೆ

ಅರಸರ ಚರಿತ್ರೆಯನ್ನು ಬರೆಯುವವರು ಯುದ್ಧ, ಸಂಧಿ, ವಿವಾಹಗಳ ಜಾಡು ಹಿಡಿದು ಹೊರಡುವುದು ವಾಡಿಕೆ. ರುಮೇನಿಯದ ಮೊದಲನೆಯ ಕರೋಲ್ ದೊರೆಯನ್ನು ಅರಿಯಬಯಸುವವರಿಗೆ ನಾನು ಬೇರೊಂದು ದಾರಿಯನ್ನು ಸೂಚಿಸುತ್ತೇನೆ: ಆತ ಹಂಚಿದ ಪದಕಗಳನ್ನು ಓದಬೇಕು. ಶಾಸನಗಳೊಡನೆ ಒಡನಾಡಿದವರಿಗೆ ಈ ಮಾತು ವಿಚಿತ್ರವೆನಿಸದು. ತೇದಿಯಿಲ್ಲದ ಕಲ್ಲಿನ ಕಾಲವನ್ನು ನಾವು ಅಕ್ಷರಗಳ ಆಕಾರದಿಂದ, ಅರಸನ ಬಿರುದುಗಳಿಂದ ಗೊತ್ತುಮಾಡುವುದಿಲ್ಲವೆ? ರುಮೇನಿಯದ ಹಳೆಯ ಪದಕದ ಮೇಲಿನ ಅಂಕಿತವೂ ಕಿರೀಟವೂ ವರ್ಷಗಳೂ ಹಾಗೆಯೇ ಅದರ ಕಾಲವನ್ನು ಹೇಳುತ್ತವೆ. ಕೆಲವೊಮ್ಮೆ ಕೊಟ್ಟವನ ಮನಸ್ಸನ್ನೂ ಹೇಳುತ್ತವೆ.

ಪದಕ ಕೊಡುವುದರಲ್ಲಿ ಅಂಥದೇನಿದೆ ಎಂದು ಯಾರಾದರೂ ಕೇಳಬಹುದು. 19ನೆಯ ಶತಮಾನದ ಯೂರೋಪಿನಲ್ಲಿ ಗೌರವ ಶ್ರೇಣಿಯೊಂದನ್ನು, ಅಂದರೆ ಅವರು ಆರ್ಡರ್ ಎಂದು ಕರೆಯುವುದನ್ನು, ಸ್ಥಾಪಿಸುವುದು ಸ್ವತಂತ್ರ ದೊರೆಯ ಹಕ್ಕು. ಸಾಮಂತನಿಗೆ ಅದು ಸಲ್ಲದು. ರುಮೇನಿಯವಾದರೋ ತುರ್ಕಿಯ ಸುಲ್ತಾನನಿಗೆ ಕಪ್ಪ ಸಲ್ಲಿಸುತ್ತಿದ್ದ ನಾಡು. 1859ರಲ್ಲಿ ಮಾಲ್ಡೇವಿಯ, ವಲಾಕಿಯ ಎಂಬ ಎರಡು ಸಂಸ್ಥಾನಗಳೂ ಅಲೆಕ್ಸಾಂಡ್ರು ಕೂಜಾ ಎಂಬೊಬ್ಬನನ್ನೇ ಪ್ರಭುವಾಗಿ ಆರಿಸಿಕೊಂಡು ಒಂದಾಗುವ ಹಾದಿ ಹಿಡಿದುವು. ಆ ಐಕ್ಯದ ನೆನಪಿಗೆಂದು ಕೂಜಾ ಪ್ಯಾರಿಸಿನ ಕ್ರೆಟ್ಲಿ ಸಂಸ್ಥೆಯಿಂದ ನೀಲಿ ಎನಾಮಲಿನ ಶಿಲುಬೆಗಳನ್ನು ಮಾಡಿಸಿದ. ತಾನು ಆಯ್ಕೆಯಾದ ಜನವರಿಯ 5 ಮತ್ತು 24ನೆಯ ದಿನಗಳನ್ನು ಅವುಗಳ ಮೇಲೆ ಗುರುತಿಸಿದ. ಆದರೆ ಆರ್ಡರನ್ನು ವಿಧಿವತ್ತಾಗಿ ಸ್ಥಾಪಿಸುವ ಭಾಗ್ಯ ಅವನಿಗೆ ಬರಲಿಲ್ಲ. ಕೆಲವರಿಗೆ ಸ್ವಂತ ಉಡುಗೊರೆಯೆಂದು ಕೊಟ್ಟು ಸುಮ್ಮನಾಗಬೇಕಾಯಿತು. 1866ರ ಫೆಬ್ರವರಿಯಲ್ಲಿ ಅವನನ್ನೇ ಗದ್ದುಗೆಯಿಂದ ಇಳಿಸಿದರು.

ಬರಿದಾದ ಗದ್ದುಗೆಗೆ ಮೊದಲು ಬೆಲ್ಜಿಯಂ ದೊರೆಯ ತಮ್ಮನನ್ನು ಕೇಳಿದರು, ಆತ ಒಲ್ಲೆನೆಂದ. ಆಮೇಲೆ ಅರಸಿದ್ದು ಜರ್ಮನಿಯ ಹೊಹೆನ್‌ಜೊಲೆರ್ನ್ ಮನೆತನದ ಸಿಗ್ಮರಿಂಗನ್ ಶಾಖೆಯ ಕಾರ್ಲ್‌ನನ್ನು. 1839ರ ಏಪ್ರಿಲ್ 20ರಂದು ಹುಟ್ಟಿದವನು, ಪ್ರಷ್ಯದ ಸೈನ್ಯಾಧಿಕಾರಿ. ತಾನು ಆಳಬೇಕಾದ ಜನರ ಭಾಷೆಯ ಗಂಧವೂ ಇಲ್ಲದವನು. ಪ್ರಷ್ಯಕ್ಕೂ ಆಸ್ಟ್ರಿಯಕ್ಕೂ ಯುದ್ಧ ಇಂದೋ ನಾಳೆಯೋ ಎಂಬಂತಿದ್ದಾಗ, ಆಸ್ಟ್ರಿಯದ ನೆಲವನ್ನೇ ಹಾಯ್ದು ಹೋಗಬೇಕು! ಕಾರ್ಲ್ ಹೆಟ್ಟಿಂಗೆನ್ ಎಂಬ ಸುಳ್ಳು ಹೆಸರಿನ ಸ್ವಿಸ್ ರಹದಾರಿ ಹಿಡಿದು, ರೈಲಿನ ಎರಡನೆಯ ದರ್ಜೆಯಲ್ಲಿ ಪಯಣಿಸಿ, ಡಾನ್ಯೂಬ್ ನದಿಯ ಹಡಗಿನಿಂದ ಟುರ್ನು ಸೆವೆರಿನ್ನಿನಲ್ಲಿ ಇಳಿದ. ಬುಕಾರೆಸ್ಟನ್ನು ಹೊಕ್ಕದ್ದು 1866ರ ಮೇ 10ರಂದು. ಬಹುದಿನ ಮಳೆಯಿಲ್ಲದೆ ಬಾಯಾರಿದ್ದ ನಾಡಿಗೆ ಅಂದೇ ಮಳೆ ಬಂದಿತು. ಕಾಲ್ಗುಣವನ್ನು ನಂಬುವುದು ನಮ್ಮವರು ಮಾತ್ರವಲ್ಲ, ಜನ ಹರ್ಷಿಸಿದರು.

ಹರ್ಷ ಬಹಳ ಕಾಲ ನಿಲ್ಲಲಿಲ್ಲ. ಅದೇ ಅಕ್ಟೋಬರಿನಲ್ಲಿ ಆತ ಇಸ್ತಾಂಬುಲಿಗೆ ಹೋಗಿ ಸುಲ್ತಾನನಿಂದ ಮನ್ನಣೆಯ ಫರ್ಮಾನು ಪಡೆಯಬೇಕಾಯಿತು. ಫ್ರಾನ್ಸಿನ ಮೇಲೆ ಒಲವಿದ್ದ ಬುಕಾರೆಸ್ಟಿನ ಜನ 1871ರ ಮಾರ್ಚಿನಲ್ಲಿ, ಜರ್ಮನರು ತಮ್ಮ ವಿಜಯೋತ್ಸವದಲ್ಲಿದ್ದಾಗ, ದಾಂಧಲೆ ಎಬ್ಬಿಸಿದರು. ಕರೋಲ್ ರಾಜ್ಯವನ್ನೇ ಬಿಟ್ಟುಹೋಗಲು ಸಿದ್ಧನಾದ. ಲಸ್ಕರ್ ಕತರ್ಜಿಯು ಎಂಬ ಮುತ್ಸದ್ದಿ ತಡೆದು ನಿಲ್ಲಿಸಿದ. 1874ರಲ್ಲಿ ಒಬ್ಬಳೇ ಮಗಳು ಮರಿಯ ನಾಲ್ಕು ತುಂಬುವ ಮುನ್ನವೇ ಕೆಂಜ್ವರಕ್ಕೆ ಬಲಿಯಾದಳು. ಮತ್ತೆ ಮಕ್ಕಳಾಗಲಿಲ್ಲ. ಕಾರ್ಮೆನ್ ಸಿಲ್ವಾ ಎಂಬ ಕಾವ್ಯನಾಮದಿಂದ ಹೆಸರಾದ ರಾಣಿ ಎಲಿಸಬೆತ್ ದುಃಖವನ್ನು ಬರವಣಿಗೆಯಲ್ಲಿ ತೋಡಿಕೊಂಡಳು. ದೊರೆ ಕಡತಗಳಲ್ಲಿ ಮುಳುಗಿದ. ಈ ವರ್ಷಗಳಲ್ಲಿ ಅವನು ಹೊರಡಿಸಿದವು ಬರಿಯ ಪದಕಗಳು: 1872ರಲ್ಲಿ ಸೈನಿಕರ ಶೌರ್ಯಕ್ಕೊಂದು, 1876ರಲ್ಲಿ ವಿದ್ಯೆ ಕಲೆಗಳಿಗೆ ಬೆನೆ ಮೆರೆಂತಿ ಎಂಬುದೊಂದು. ಆರ್ಡರಿನ ಸುದ್ದಿಯಿಲ್ಲ. ಸಾಮಂತನ ಸಂಕೋಚ ಇಲ್ಲಿ ಕಾಣುತ್ತದೆಂದು ನನ್ನ ಊಹೆ.

1877ರ ಮೇ 9ರಂದು ರುಮೇನಿಯ ಸ್ವಾತಂತ್ರ್ಯವನ್ನು ಸಾರಿತು. ಮರುದಿನವೇ, ಮೇ 10ರಂದು, ‘ರುಮೇನಿಯದ ನಕ್ಷತ್ರ’ ಎಂಬ ಆರ್ಡರ್ ಹುಟ್ಟಿತು. ಒಂದು ದಿನವೂ ಕಾಯಲಿಲ್ಲ ನೋಡಿ! ಹೊಸದೊಂದು ರೂಪವನ್ನು ಕಲ್ಪಿಸಲು ವ್ಯವಧಾನವಾದರೂ ಎಲ್ಲಿ? ಕೂಜಾ ಮಾಡಿಸಿದ್ದ ಅದೇ ನೀಲಿ ಶಿಲುಬೆ, ತೋಳುಗಳ ನಡುವೆ ಅವೇ ಕಿರಣಗಳು. ಅಂಕಿತ ಮಾತ್ರ ಕರೋಲನದು, ಧ್ಯೇಯವಾಕ್ಯ ಮಾತ್ರ ಶ್ರದ್ಧೆಯಲ್ಲಿ ರಕ್ಷೆಯಿದೆ ಎಂಬ ಅರ್ಥದ ಲ್ಯಾಟಿನ್ ನುಡಿ. ಪದಚ್ಯುತನಾದವನ ಕನಸನ್ನು ಪರದೇಶದಿಂದ ಬಂದವನು ಎದೆಯ ಮೇಲೆ ಧರಿಸಿದ.

ಬಾಯಿಮಾತಿನ ಸ್ವಾತಂತ್ರ್ಯವನ್ನು ರಕ್ತದಿಂದ ದೃಢಪಡಿಸಬೇಕಿತ್ತು. ಪ್ಲೆವ್ನಾದ ಕೋಟೆಯಲ್ಲಿ ಒಸ್ಮಾನ್ ಪಾಷಾ ರಷ್ಯದ ಸೈನ್ಯವನ್ನು ತಡೆದು ನಿಲ್ಲಿಸಿದಾಗ ರಷ್ಯವೇ ನೆರವು ಬೇಡಿತು. ಪ್ಲೆವ್ನಾದ ಮುಂದಿನ ಕೂಡುಪಡೆಗೆ ಕರೋಲ್ ನಾಯಕನಾದ. ತುಪ್ಪಳದ ಟೊಪ್ಪಿಗೆಗೆ ಟರ್ಕಿ ಕೋಳಿಯ ಗರಿ ಸಿಕ್ಕಿಸಿಕೊಂಡ ರೈತರ ಮಕ್ಕಳು ಗ್ರಿವಿತ್ಸ ಕೊತ್ತಲವನ್ನು ಹತ್ತಿ ಸತ್ತರು, ಗೆದ್ದರು. ಡಿಸೆಂಬರಿನಲ್ಲಿ ಒಸ್ಮಾನ್ ಶರಣಾದ. ಆ ಸೈನಿಕರಿಗೆ 1878ರಲ್ಲಿ ದೊರೆತದ್ದು ಡಾನ್ಯೂಬ್ ದಾಟಿದ ನೆನಪಿನ ಶಿಲುಬೆ. ಬೆಳ್ಳಿಯಲ್ಲ, ಬಂಗಾರವಲ್ಲ, ಕಪ್ಪು ಕಬ್ಬಿಣ. ಗಾಯಾಳುಗಳ ಶುಶ್ರೂಷೆ ಮಾಡಿದ ಹೆಂಗಸರಿಗೆ ರಾಣಿಯ ಹೆಸರಿನ ಇನ್ನೊಂದು ಶಿಲುಬೆ. ಬರ್ಲಿನ್ ಸಮ್ಮೇಳನ ಸ್ವಾತಂತ್ರ್ಯವನ್ನು ಒಪ್ಪಿತು. ಆದರೆ ಕೂಡಿ ಕಾದಿದ ರಷ್ಯವೇ ದಕ್ಷಿಣ ಬೆಸರೇಬಿಯವನ್ನು ಕಿತ್ತುಕೊಂಡಿತು. ಬದಲಿಗೆ ಸಿಕ್ಕಿದ್ದು ಉತ್ತರ ದೊಬ್ರುಜ.

1881ರ ಮಾರ್ಚ್ 14ರಂದು ನಾಡು ರಾಜ್ಯವಾಯಿತು, ಪ್ರಭು ದೊರೆಯಾದ. ಕಿರೀಟಕ್ಕೆ ಚಿನ್ನ ಬೇಡವೆಂದ. ಪ್ಲೆವ್ನಾದಲ್ಲಿ ವಶಪಡಿಸಿಕೊಂಡ ತುರ್ಕಿಯ ಫಿರಂಗಿಯ ಉಕ್ಕಿನಿಂದ ಅದನ್ನು ಮಾಡಿಸಿದ. ಆಗ ಹುಟ್ಟಿದ ‘ರುಮೇನಿಯದ ಕಿರೀಟ’ ಎಂಬ ಆರ್ಡರ್ ಬಲು ಓದಿಸಿಕೊಳ್ಳುವ ವಸ್ತು. ಬಿಳಿ ಅಂಚಿನ ಕೆಂಪು ಶಿಲುಬೆ, ತೋಳುಗಳ ಸಂದಿಯಲ್ಲಿ ಕರೋಲನ ಮೊದಲಕ್ಷರ, ನಡುವೆ ಕಿರೀಟ, ಸುತ್ತಲೂ ನಮ್ಮಿಂದಲೇ ನಾವು ಎಂಬ ಭಾವದ ರುಮೇನಿಯನ್ ನುಡಿ. ಹಿಂಬದಿಯಲ್ಲಿ ಮೇ 10 ಎಂಬ ಒಂದೇ ದಿನ, ಅದಕ್ಕೆ ಮೂರು ವರ್ಷ: 1866, 1877, 1881. ಬಂದದ್ದು, ಬಿಡುಗಡೆಯಾದದ್ದು, ಕಿರೀಟ ಪಡೆದದ್ದು. ಈ ದಿನಗಳೆಲ್ಲ ಹಳೆಯ ಜೂಲಿಯನ್ ಪಂಚಾಂಗದವು. ನಮ್ಮ ಲೆಕ್ಕಕ್ಕೆ ಹನ್ನೆರಡು ದಿನ ಕೂಡಿಸಿ ಮೇ 22 ಎನ್ನಬೇಕು.

ಮುಂದಿನ ದೀರ್ಘ ಆಳ್ವಿಕೆ ಕಟ್ಟುವವನ ಆಳ್ವಿಕೆ. ಸಿನಾಯದ ಪೆಲೆಶ್ ಅರಮನೆ, 1895ರಲ್ಲಿ ಸಾಲಿನಿ ಎಂಬ ಎಂಜಿನಿಯರು ಚೆರ್ನವೋಡದಲ್ಲಿ ಡಾನ್ಯೂಬಿಗೆ ಕಟ್ಟಿದ ಸೇತುವೆ, 1898ರಲ್ಲಿ ಪ್ರಾಥಮಿಕ ಶಿಕ್ಷಣಕ್ಕಾಗಿ ದುಡಿದವರಿಗೊಂದು ಪದಕ (ಮೇಷ್ಟರುಗಳಾದ ನಮಗೆ ಇದರ ಮೇಲೆ ತುಸು ಪಕ್ಷಪಾತವಿದ್ದರೆ ಕ್ಷಮ್ಯ). 1906ರಲ್ಲಿ ಆಳ್ವಿಕೆಗೆ ನಲವತ್ತು ತುಂಬಿದಾಗ ಸ್ಮಾರಕ ಪದಕವನ್ನೂ ತನ್ನದೇ ಹೆಸರಿನ ಅತ್ಯುನ್ನತ ಆರ್ಡರನ್ನೂ ಹೊರಡಿಸಿದ. ಮರುವರ್ಷವೇ ಭೂಮಿಯಿಲ್ಲದ ರೈತರು ದಂಗೆಯೆದ್ದರು. ಸೈನ್ಯ ಗುಂಡು ಹಾರಿಸಿತು; ಸಾವಿರಾರು ಮಂದಿ ಸತ್ತರು. ಕಬ್ಬಿಣದ ಶಿಲುಬೆ ಪಡೆದ ಪೀಳಿಗೆಯ ಮಕ್ಕಳು ಅವರು. ನಾಟಕಕಾರ ಕರಜಿಯಾಲೆ ಈ ಕುರಿತು ಕಟುವಾಗಿ ಬರೆದ. ಮಿತವ್ಯಯಿ, ಕರ್ತವ್ಯನಿಷ್ಠ, ಗಡಿಯಾರದಂತೆ ಬಾಳಿದ ಈ ದೊರೆಯನ್ನು ನಾನು ಗೌರವಿಸುತ್ತೇನೆ. ಆದರೆ ನಲವತ್ತು ವರ್ಷ ಆಳಿದವನಿಗೆ ಹಳ್ಳಿಯ ಹಸಿವು ಕಾಣದೆ ಹೋದದ್ದನ್ನು ಯಾವ ಪದಕವೂ ಮುಚ್ಚಲಾರದು.

ಕೊನೆಯ ಸೋಲು ಮನೆಯಲ್ಲೇ ಕಾದಿತ್ತು. 1883ರಲ್ಲಿ ಆಸ್ಟ್ರಿಯದೊಡನೆ ಗುಟ್ಟಾಗಿ ಮಾಡಿಕೊಂಡಿದ್ದ ಒಪ್ಪಂದವನ್ನು 1914ರ ಆಗಸ್ಟ್ 3ರಂದು ಪೆಲೆಶ್ ಅರಮನೆಯ ಸಭೆಯಲ್ಲಿ ಹೊರಗಿಟ್ಟು, ಯುದ್ಧಕ್ಕೆ ಇಳಿಯೋಣವೆಂದ. ಪೆತ್ರೆ ಕಾರ್ಪ್ ಒಬ್ಬನ ಹೊರತು ಯಾರೂ ಒಪ್ಪಲಿಲ್ಲ, ತಟಸ್ಥವಾಗಿರುವುದೆಂದು ತೀರ್ಮಾನವಾಯಿತು. ಕೊಟ್ಟ ಮಾತು ಒಂದೆಡೆ, ಜನದ ಮನಸ್ಸು ಇನ್ನೊಂದೆಡೆ. ದೊರೆ ಸಭೆಗೆ ತಲೆಬಾಗಿದ. ಅಕ್ಟೋಬರ್ 10ರಂದು ಅಲ್ಲಿಯೇ ತೀರಿಕೊಂಡ. ಎರಡು ವರ್ಷಗಳಲ್ಲಿ ಅವನ ಅಣ್ಣನ ಮಗ ಫರ್ಡಿನಾಂಡ್ ಜರ್ಮನಿಯ ವಿರೋಧಪಕ್ಷದಲ್ಲಿ ಯುದ್ಧಕ್ಕಿಳಿದ.

ಹಳೆಯ ಪದಕ ಕೈಗೆ ಬಂದವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಕರೋಲನ ಅಂಕಿತವಿದ್ದಮಾತ್ರಕ್ಕೆ ಅದು 1914ಕ್ಕೆ ಹಿಂದಿನದೆನ್ನಲಾಗದು. ಅಂಕಿತ ಸ್ಥಾಪಕನದು, ಕೊಟ್ಟವನದಲ್ಲ. ಫರ್ಡಿನಾಂಡನ ಕಾಲದಲ್ಲಿಯೂ ಹಳೆಯ ರೂಪವೇ ನಡೆಯಿತು. ಕೊಟ್ಟ ಪತ್ರ ಉಳಿದಿದ್ದರೆ ಅದೇ ದೊಡ್ಡ ಸಾಕ್ಷಿ. 1932ರಲ್ಲಿ ಎರಡನೆಯ ಕರೋಲ್ ರೂಪವನ್ನು ಬದಲಿಸಿದ ಮೇಲೆ ನಕ್ಷತ್ರದ ಶಿಲುಬೆಯಲ್ಲಿ ಕಿರಣಗಳ ಸ್ಥಾನಕ್ಕೆ ಹದ್ದುಗಳು ಬಂದುವು. ಕಿರಣವೋ ಹದ್ದೋ ಎಂದು ನೋಡಿದರೆ ಅರ್ಧ ಪ್ರಶ್ನೆ ತೀರಿತು. 1947ರ ಡಿಸೆಂಬರ್ 30ರಂದು ದೊರೆತನವೇ ಮುಗಿಯಿತು. ಫಿರಂಗಿಯ ಉಕ್ಕಿನ ಆ ಕಿರೀಟ ಈಗ ಬುಕಾರೆಸ್ಟಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.