ಜಾನ್ ವಾನ್ ನ್ಯೂಮನ್

ಗಣಿತವನ್ನು ಐಚ್ಛಿಕವಾಗಿ ಆರಿಸಿಕೊಂಡ ನಮಗೆ ಮಾತೃಕೆಗಳು ಹೊಸವಲ್ಲ. ಅಡ್ಡಸಾಲು ಕಂಬಸಾಲುಗಳನ್ನು ಗುಣಿಸಿ ಗುಣಿಸಿ ಬೇಸತ್ತವರೇ ನಾವೆಲ್ಲ. ಆ ದುಡಿಮೆಯನ್ನು ಯಂತ್ರಕ್ಕೆ ವಹಿಸುವ ದಾರಿ ತೋರಿದವರಲ್ಲಿ ಅಗ್ರಗಣ್ಯನಾದ ಜಾನ್ ವಾನ್ ನ್ಯೂಮನ್ನನ ಜೀವನವನ್ನು ಸಹಪಾಠಿಗಳ ಮುಂದಿಡುವುದೇ ನನ್ನ ಉದ್ದೇಶ.

ಈತನು 1903ರ ಡಿಸೆಂಬರ್ 28ರಂದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ, ಅನುಕೂಲಸ್ಥ ಯಹೂದಿ ಮನೆತನದಲ್ಲಿ ಜನಿಸಿದನು. ತಂದೆ ಬ್ಯಾಂಕಿನ ಅಧಿಕಾರಿ. ಮನೆಗೇ ಬಂದು ಕಲಿಸುವ ಉಪಾಧ್ಯಾಯರು. ಹೆಬ್ಬೆಟ್ಟೊತ್ತುವ ತಂದೆತಾಯಿಗಳ ಮಗನಾದ ನನಗೆ ಇದನ್ನು ಓದಿ ತುಸು ಅಸೂಯೆಯಾದುದುಂಟು. ಆದರೆ ಆ ಮನೆಯಲ್ಲೂ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತ್ತು. ಗಣಿತದಿಂದ ಸಂಪಾದನೆಯಿಲ್ಲವೆಂದು ತಂದೆ ಹಿಂಜರಿದುದರಿಂದ, ಮಗನು ಜ್ಯೂರಿಚ್ಚಿನಲ್ಲಿ ರಸಾಯನ ಎಂಜಿನಿಯರಿಂಗ್ ಓದಿ, ಜೊತೆಯಲ್ಲೇ 1926ರಲ್ಲಿ ಬುಡಾಪೆಸ್ಟಿನಿಂದ ಗಣಿತದ ಡಾಕ್ಟರೇಟನ್ನೂ ಪಡೆದನು. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋದನು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೇರಿ ಯಹೂದಿ ವಿದ್ವಾಂಸರಿಗೆ ಜರ್ಮನಿಯ ಬಾಗಿಲು ಮುಚ್ಚಿದ ಮೇಲೆ ಅಮೆರಿಕವೇ ಈತನ ಮನೆಯಾಯಿತು.

ಯುದ್ಧಕಾಲದಲ್ಲಿ ಈತನು ಲಾಸ್ ಅಲಮೋಸಿನಲ್ಲಿ ಅಣುಬಾಂಬಿನ ಲೆಕ್ಕಗಳಿಗೆ ನೆರವಾದನು. ಅವು ಮುಗಿಯದ ಲೆಕ್ಕಗಳು. 1944ರಲ್ಲಿ ಎನಿಯಾಕ್ ಎಂಬ ಯಂತ್ರವು ಸಿದ್ಧವಾಗುತ್ತಿರುವುದು ತಿಳಿಯಿತು. ಅದು ವೇಗಶಾಲಿಯೇನೋ ಹೌದು. ಆದರೆ ಲೆಕ್ಕ ಬದಲಾದಾಗಲೆಲ್ಲ ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಬೇಕಿತ್ತು. ಅಂಕೆಗಳಿರುವ ಸ್ಮೃತಿಯಲ್ಲೇ ಆಜ್ಞೆಗಳನ್ನೂ ಇಡಬೇಕೆಂಬ ವಿಚಾರವನ್ನು 1945ರ ವರದಿಯಲ್ಲಿ ನ್ಯೂಮನ್ ವಿವರಿಸಿದನು. ಎನಿಯಾಕ್ ನಿರ್ಮಿಸಿದ ಎಕರ್ಟ್, ಮಾಕ್ಲಿಯವರೂ ಈ ಚಿಂತನೆಯಲ್ಲಿ ಪಾಲುದಾರರು. ವರದಿಯ ಮೇಲಿದ್ದುದು ಮಾತ್ರ ಈತನೊಬ್ಬನ ಹೆಸರು. ಅವರಿಗೆ ನೋವಾದುದು ಸಹಜವೇ.

ಈ ವಿಚಾರದ ಪ್ರಯೋಜನವನ್ನು ಮಾತೃಕೆಯಿಂದಲೇ ತಿಳಿಯಬಹುದು. ಯಂತ್ರದ ಸ್ಮೃತಿಯು ಒಂದೇ ಸಾಲಿನ ಮನೆಗಳುಳ್ಳ ಬೀದಿಯಂತೆ. ಅಲ್ಲಿ ಅಡ್ಡಸಾಲು ಕಂಬಸಾಲುಗಳಿಲ್ಲ. ಐದು ಕಂಬಸಾಲುಗಳ ಮಾತೃಕೆಯನ್ನು 100ನೆಯ ಮನೆಯಿಂದ ಸಾಲುಸಾಲಾಗಿ ತುಂಬಿದರೆ, ಮೂರನೆಯ ಅಡ್ಡಸಾಲಿನ ನಾಲ್ಕನೆಯ ಅಂಕೆಗೆ ಎರಡು ಪೂರ್ಣಸಾಲುಗಳ ಹತ್ತು ಮನೆ, ಮತ್ತೆ ಮೂರು ಮನೆ ದಾಟಬೇಕು: ಅದರ ವಿಳಾಸ 113. ಅಸೆಂಬ್ಲಿ ಭಾಷೆಯಲ್ಲಿ ಬರೆಯುವವರು ಇಂದಿಗೂ ಈ ಲೆಕ್ಕವನ್ನು ತಾವೇ ಬರೆದಿಡಬೇಕು. ಆಜ್ಞೆಯೂ ಒಂದು ಅಂಕೆಯೇ ಆದುದರಿಂದ ಅದರ ವಿಳಾಸಕ್ಕೆ ಒಂದು ಕೂಡಿಸಿದರೆ ಸಾಕು. 100ನೆಯ ಮನೆಯದನ್ನು ತಾ ಎಂಬ ಆಜ್ಞೆಯು 101ನೆಯದನ್ನು ತರುತ್ತದೆ. ಹೀಗೆ ಬೆರಳೆಣಿಕೆಯ ಆಜ್ಞೆಗಳು ಸಾವಿರಾರು ಅಂಕೆಗಳನ್ನು ದಾಟಬಲ್ಲವು. ಆಜ್ಞೆಯನ್ನು ತಿದ್ದದೆಯೇ ವಿಳಾಸವನ್ನು ಮುಂದೂಡುವ ಸೂಚಿ ರಿಜಿಸ್ಟರ್ 1949ರಲ್ಲಿ ಮ್ಯಾಂಚೆಸ್ಟರಿನ ಯಂತ್ರದಲ್ಲಿ ಬಂದಿತು.

1947ರಲ್ಲಿ ಗೋಲ್ಡ್‌ಸ್ಟೈನನೊಡನೆ ಬರೆದ ಪ್ರಬಂಧದಲ್ಲಿ, ದೊಡ್ಡ ಮಾತೃಕೆಗಳ ವಿಲೋಮ ಕಾಣುವಾಗ ದಶಾಂಶಗಳನ್ನು ಮೊಟಕುಗೊಳಿಸುವುದರಿಂದಾಗುವ ದೋಷವು ಎಷ್ಟು ಬೆಳೆಯಬಹುದೆಂದು ನ್ಯೂಮನ್ ಪರಿಶೀಲಿಸಿದನು. 1952ರಲ್ಲಿ ಲೋಕಾರ್ಪಣೆಯಾದ ಪ್ರಿನ್ಸ್‌ಟನ್ನಿನ ಯಂತ್ರಕ್ಕೆ ಇದ್ದುದು 1024 ಮನೆಗಳು ಮಾತ್ರ. 32 ಸಾಲಿನ ಚೌಕ ಮಾತೃಕೆಯೊಂದನ್ನು ತುಂಬಿದರೆ ಆಜ್ಞೆಗೆ ಜಾಗವೇ ಉಳಿಯದು!

1955ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. 1957ರ ಫೆಬ್ರವರಿ 8ರಂದು, ಐವತ್ಮೂರರ ಪ್ರಾಯದಲ್ಲಿ, ವಾಷಿಂಗ್ಟನ್ನಿನಲ್ಲಿ ನ್ಯೂಮನ್ ತೀರಿಕೊಂಡನು.

ಈತನನ್ನು ಹೊಗಳುವಾಗ ನನ್ನ ಮನಸ್ಸು ಒಂದೆಡೆ ತಡೆಯುತ್ತದೆ. ಎನಿಯಾಕ್ ಮೊದಮೊದಲು ಮಾಡಿದ ದೊಡ್ಡ ಲೆಕ್ಕ ಜಲಜನಕ ಬಾಂಬಿನದು. 1950ರಲ್ಲಿ ಅದೇ ಯಂತ್ರದ ಮೇಲೆ ಚಾರ್ನಿ ಮೊದಲಾದವರೊಡನೆ ನ್ಯೂಮನ್ ಹವಾಮಾನವನ್ನೂ ಲೆಕ್ಕಹಾಕಿದನು. ಒಂದರಲ್ಲಿ ಊರುಗಳ ನಾಶ, ಇನ್ನೊಂದರಲ್ಲಿ ಮಳೆಗಾಳಿಯ ಮುನ್ಸೂಚನೆ. ಯಂತ್ರಕ್ಕೆ ಎರಡೂ ಬರಿಯ ಅಂಕೆಗಳು. ಭೇದವೆಣಿಸಬೇಕಾದ ಹೊಣೆ ಅಂಕೆಗಳನ್ನು ತುಂಬುವ ನಮ್ಮದೇ.